ಮಳೆಗಾಲದ ಜ್ವರವೆಲ್ಲ ಡೆಂಗಿನಾ?

ನಮಸ್ಕಾರ. ಮುಂಬಯಿಯಲ್ಲಿ ಮಳೆ ಹಿಡಿದಿದೆ, ಮನೆಮನೆಯಲ್ಲೂ ಜ್ವರ. ನಾನು ಹೇಳಬೇಕಾದ್ದು ಒಂದೇ ಮಾತು. ಡಾಕ್ಟರು ಕಾಯಿಲೆಗೆ ಹೆಸರು ಇಟ್ಟ ಮೇಲೆ ಮೆಲ್ಲಗೆ ಕೇಳಿ: 'ಬೇರೆ ಏನಾದರೂ ಆಗಿರಬಹುದಾ ಡಾಕ್ಟ್ರೇ?'

ಮಾಟುಂಗದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದ ಕುಂದಾಪುರ ಕಡೆಯ ಹುಡುಗ. ಜ್ವರ, ತಲೆನೋವು, ಮೈಕೈ ನೋವು. ಆ ವಾರ ಸುತ್ತಮುತ್ತ ಡೆಂಗಿ ಜಾಸ್ತಿ ಇತ್ತು, ಮೊದಲ ಡಾಕ್ಟರು ಡೆಂಗಿ ಅಂದರು. ಪ್ಲೇಟ್‌ಲೆಟ್ಟೂ ಕಡಿಮೆ ಬಂತು. ಸರಿ, ಚೀಟಿಯ ಮೇಲೆ ಡೆಂಗಿ ಅಂತ ಬರೆದಾಯಿತು. ಎರಡನೆಯವರು ಮೊದಲು ಚೀಟಿ ನೋಡಿದರು, ಆಮೇಲೆ ಹುಡುಗನನ್ನು. ಮೀನಖಂಡ ಮುಟ್ಟಿದರೆ ಪ್ರಾಣ ಹೋಗುತ್ತೆ ಅಂದಿದ್ದಕ್ಕೆ, 'ದಿನವಿಡೀ ನಿಂತೇ ಇರ್ತೀಯಲ್ಲ, ನೋಯದೆ ಇರುತ್ತಾ?' ಅಂದರಂತೆ. ಕಣ್ಣು ಕೆಂಪಾಗಿತ್ತು. ಅದು ನಿದ್ದೆಗೆಟ್ಟಿದ್ದಕ್ಕಂತೆ! ಹೊಂದದ ಲಕ್ಷಣಕ್ಕೆಲ್ಲ ಒಂದೊಂದು ಕಾರಣ ಸಿಕ್ಕಿತು, ಡೆಂಗಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನಮ್ಮ ವಾರ್ಡಿಗೆ ಬಂದಾಗ ಕಣ್ಣು ಹಳದಿ ತಿರುಗಿತ್ತು. ಅಲ್ಲಿದ್ದ ನರ್ಸ್ ಕೇಳಿದರು, 'ನಿಂತ ನೀರಲ್ಲಿ ನಡೆದಿದ್ಯಾ?' ನಡೆದಿದ್ದ. ಕಿಂಗ್ಸ್ ಸರ್ಕಲ್ ಹತ್ತಿರ ಮೊಣಕಾಲುದ್ದ ನೀರು, ಮೇಲಿಂದ ಚಪ್ಪಲಿ ಕಚ್ಚಿದ ಗಾಯ. ಇಲಿಜ್ವರ, ಲೆಪ್ಟೊಸ್ಪೈರೋಸಿಸ್. ಇಲಿ ಮೂತ್ರ ಸೇರಿದ ನೀರಿನಿಂದ, ಗಾಯದ ಮೂಲಕ ಮೈಯೊಳಗೆ ಹೋಗುವ ಕಾಯಿಲೆ. ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಆದರೆ ಅದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಸದ್ಯ, ಹುಡುಗ ಗುಣವಾದ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಊರು ಇಲಿಜ್ವರವನ್ನು ಚೆನ್ನಾಗಿಯೇ ಕಂಡಿದೆ, ಆದರೂ ಹೀಗೆ!

ಡಾಕ್ಟರು ದಡ್ಡರು ಅಂತ ತಿಳಿಯಬೇಡಿ. 2013ರಲ್ಲಿ ಅಮೆರಿಕದ ಒಂದು ಪ್ರಯೋಗದ ವರದಿ ಬಂತು. ಶ್ವಾಸಕೋಶದ ಸ್ಕ್ಯಾನ್‌ನಲ್ಲಿ ಸಣ್ಣ ಗಂಟು ಹುಡುಕಿ ಅಂತ ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟು, ಒಳಗೆ ಸುಮ್ನೆ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. 24 ಜನರಲ್ಲಿ 20 ಜನಕ್ಕೆ ಕಾಣಲೇ ಇಲ್ಲ. ಹುಡುಕುತ್ತಿದ್ದದ್ದು ಗಂಟು, ಅಲ್ವಾ?

ನೀವೇನು ಕಡಿಮೆಯಿಲ್ಲ. ಬಾಗಿಲಲ್ಲೇ 'ಗ್ಯಾಸ್ ಆಗಿದೆ ಡಾಕ್ಟ್ರೇ' ಅನ್ನುತ್ತೀರಿ. ಎಲ್ಲದಕ್ಕೂ ಗ್ಯಾಸ್! ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುವುದುಂಟು. ಹೆಸರು ಇಡುವ ಕೆಲಸ ನಮಗೆ ಬಿಡಿ. ಏನಾಗುತ್ತಿದೆ, ಯಾವಾಗಿಂದ, ಎಲ್ಲೆಲ್ಲಿ ಓಡಾಡಿದಿರಿ, ಅದನ್ನು ಹೇಳಿ. ಆಮೇಲೆ ಕೇಳಿ, ಬೇರೆ ಏನಾದರೂ ಆಗಿರಬಹುದಾ ಅಂತ. ಸಿಟ್ಟಾದರೆ ಆಗಲಿ.

ಸಮಯ ಆಯಿತು ಅಂತ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ನೆರೆನೀರಲ್ಲಿ ನಡೆದಿದ್ದರೆ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋಗಿ, ಪಾಲಿಕೆಯ ದವಾಖಾನೆಯಾದರೂ ಸರಿ, ಇಲಿಜ್ವರ ಬಾರದಂತೆ ಕೊಡುವ ಆಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಬೇಕಾ ಅಂತ ಕೇಳಿ. ಮೆಡಿಕಲ್‌ನಿಂದ ನೀವೇ ತಂದು ನುಂಗಬೇಡಿ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವ ಮಾತ್ರೆ ಬೇರೆ. ನಮಸ್ಕಾರ.