ಮಾತ್ರೆಯ ಮರೆಯಲ್ಲಿ ಉಳಿದುಬಿಡುವ ರಕ್ತದೊತ್ತಡ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದು ನನ್ನ ಮಾತು ಈಗಾಗಲೇ ಬಿ.ಪಿ. ಮಾತ್ರೆ ನುಂಗುತ್ತಿರುವವರೊಂದಿಗೆ. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಆಸ್ಪತ್ರೆಗೆ ಹೋಗುತ್ತೀರಿ. ಡಾಕ್ಟರು ಬಿ.ಪಿ. ನೋಡಿ, "ನಾರ್ಮಲ್ ಇದೆ, ಇದೇ ಮಾತ್ರೆ ಮುಂದುವರಿಸಿ" ಎನ್ನುತ್ತಾರೆ. ನೆಮ್ಮದಿಯಿಂದ ಮನೆಗೆ ಬರುತ್ತೀರಿ. ಬಹಳಷ್ಟು ಜನರ ಮಟ್ಟಿಗೆ ಆ ನೆಮ್ಮದಿ ಸರಿಯಾದದ್ದೇ. ಆದರೆ ಕೆಲವರಿಗೆ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತಾಗ ಮಾತ್ರ ಬಿ.ಪಿ. ಹತೋಟಿಯಲ್ಲಿರುತ್ತದೆ. ಮನೆಯಲ್ಲಿ, ಕೆಲಸದ ಜಾಗದಲ್ಲಿ, ನಡುರಾತ್ರಿಯ ನಿದ್ದೆಯಲ್ಲಿ ಅದು ಏರಿಯೇ ಇರುತ್ತದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಅವರಿಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ.

ಹೀಗೆ ಅಡಗಿರುವ ಏರೊತ್ತಡಕ್ಕೆ 2002ರಲ್ಲಿ ಥಾಮಸ್ ಪಿಕರಿಂಗ್ ಎಂಬ ವೈದ್ಯರು ಮಾಸ್ಕ್ಡ್ ಹೈಪರ್‌ಟೆನ್ಶನ್, ಅಂದರೆ ಮುಖವಾಡ ತೊಟ್ಟ ಏರೊತ್ತಡ, ಎಂದು ಹೆಸರಿಟ್ಟರು. ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಎಷ್ಟಿದೆ ಎಂದು ಸ್ಪೇನ್ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನೋಡಿದರು. ಆಸ್ಪತ್ರೆಯಲ್ಲಿ ಬಿ.ಪಿ. 140/90ಕ್ಕಿಂತ ಕೆಳಗಿದ್ದವರ ತೋಳಿಗೆ, ಬಿ.ಪಿ.ಯನ್ನು ತಾನೇ ಅಳೆಯುವ ಯಂತ್ರವನ್ನು 24 ಗಂಟೆ ಕಟ್ಟಿದಾಗ, ಸುಮಾರು ಮೂರರಲ್ಲಿ ಒಬ್ಬರಿಗೆ ಸರಾಸರಿ ಒತ್ತಡ ಮಿತಿ ಮೀರಿತ್ತು. 2014ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಹೆಚ್ಚಿನವರಲ್ಲಿ ತೊಂದರೆ ಇದ್ದದ್ದು ರಾತ್ರಿಯ ಹೊತ್ತಿನದು. ಅದಕ್ಕೂ ಹತ್ತು ವರ್ಷ ಮೊದಲು ಫ್ರಾನ್ಸಿನಲ್ಲಿ, ಚಿಕಿತ್ಸೆಯಲ್ಲಿದ್ದ ಸುಮಾರು ಐದು ಸಾವಿರ ಹಿರಿಯರ ಬಿ.ಪಿ.ಯನ್ನು ಮನೆಯಲ್ಲಿಯೇ ಅಳೆದು ನೋಡಿದ್ದರು. ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ ಹೆಚ್ಚಿದ್ದವರು ನೂರಕ್ಕೆ ಒಂಬತ್ತು ಮಂದಿ. ಎರಡೂ ಕಡೆ ಹತೋಟಿಯಲ್ಲಿದ್ದವರಿಗೆ ಹೋಲಿಸಿದರೆ ಈ ಒಂಬತ್ತು ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಸುಮಾರು ಎರಡು ಪಟ್ಟು ಇತ್ತು. ಮಾತ್ರೆ ನುಂಗಿಯೂ, ತಪಾಸಣೆಗೆ ಬಂದೂ, ಇವರು ನಷ್ಟ ಅನುಭವಿಸಿದರು. ನನ್ನನ್ನು ಕಾಡುವುದು ಇದೇ.

ಇದು ಹೇಗೆ ತಪ್ಪಿಹೋಗುತ್ತದೆ? ನಮ್ಮ ಆಸ್ಪತ್ರೆಗಳ ಒಂದು ದಿನವನ್ನು ನೆನೆಯಿರಿ. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು ಮಾತ್ರೆ ನುಂಗುತ್ತೀರಿ. ಬಸ್ಸು ಹಿಡಿದು ಬಂದು, ಚೀಟಿ ಮಾಡಿಸಿ, ಬೆಂಚಿನ ಮೇಲೆ ಒಂದು ಗಂಟೆ ಕಾಯುತ್ತೀರಿ. ಹನ್ನೊಂದು ಗಂಟೆಗೆ ನಿಮ್ಮ ಸರದಿ. ಹಲವು ಮಾತ್ರೆಗಳು ಜೋರಾಗಿ ಕೆಲಸ ಮಾಡುವ ಹೊತ್ತು ಅದೇ. ಮರುದಿನ ಬೆಳಗಿನ ಐದೂವರೆಯನ್ನು ಯಾರು ನೋಡಿದರು? ಆ ಹೊತ್ತಿಗೆ ಮಾತ್ರೆ ನುಂಗಿ ಇಪ್ಪತ್ತೊಂದು ಗಂಟೆಯ ಮೇಲಾಗಿರುತ್ತದೆ. ಕೆಲವು ಔಷಧಿಗಳ ಬಲ ಅಷ್ಟರಲ್ಲಿ ಇಳಿದಿರುತ್ತದೆ. ಏಳುವ ಹೊತ್ತಿಗೆ ಶರೀರ ತಾನಾಗಿಯೇ ಒತ್ತಡವನ್ನು ಏರಿಸುತ್ತದೆ. ಹೃದಯಾಘಾತ, ಪಾರ್ಶ್ವವಾಯು ಬೆಳಗಿನ ಹೊತ್ತಿನಲ್ಲಿ ಹೆಚ್ಚು ಎಂಬುದು ವೈದ್ಯರೆಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ನಾವು ಅಳೆಯುವುದು ಹನ್ನೊಂದು ಗಂಟೆಗೆ.

ಔಷಧಿಯ ಆಯ್ಕೆ ಇಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಎರಡು ಹಳೆಯ ಔಷಧಿಗಳನ್ನು, ಹೈಡ್ರೋಕ್ಲೋರೋಥಯಝೈಡ್ ಮತ್ತು ಕ್ಲೋರ್ಥಾಲಿಡೋನ್, ಕಡಿಮೆ ಪ್ರಮಾಣದಲ್ಲಿ ಕೊಟ್ಟು ಹೋಲಿಸಿದರು. ಆಸ್ಪತ್ರೆಯಲ್ಲಿ ನೋಡಿದಾಗ ಎರಡೂ ಒತ್ತಡವನ್ನು ಇಳಿಸಿದ್ದವು. 24 ಗಂಟೆಯ ಲೆಕ್ಕ ನೋಡಿದಾಗ, ಬೇಗ ಬಲ ಕಳೆದುಕೊಳ್ಳುವ ಹೈಡ್ರೋಕ್ಲೋರೋಥಯಝೈಡ್ ಪಡೆದವರ ರಾತ್ರಿಯ ಒತ್ತಡ ಹಾಗೆಯೇ ಉಳಿದಿತ್ತು. ಕಾಣುತ್ತಿದ್ದ ಬಿ.ಪಿ. ಕಾಣದ ಬಿ.ಪಿ. ಆಗಿತ್ತು, ಅಷ್ಟೇ.

"ಅವರು ಮಾತ್ರೆ ಸರಿಯಾಗಿ ನುಂಗಿರಲಿಕ್ಕಿಲ್ಲ" ಎಂದು ರೋಗಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಆಸ್ಪತ್ರೆಗೆ ಹೋಗುವ ಎರಡು ದಿನ ಮೊದಲಷ್ಟೇ ನೆನಪಿಟ್ಟು ನುಂಗುವವರು ಇದ್ದಾರೆ, ನಿಜ. ಆದರೆ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ವೈದ್ಯರು ಹೀಗೆ ಬಿ.ಪಿ. ಅಡಗಿರುವ ರೋಗಿಗಳ ಮೂತ್ರದಲ್ಲಿ ಔಷಧಿಯ ಅಂಶ ಇದೆಯೇ ಎಂದು ಪರೀಕ್ಷಿಸಿ, ಹೆಚ್ಚಿನವರು ಮಾತ್ರೆ ನುಂಗುತ್ತಲೇ ಇದ್ದರು ಎಂದು 2019ರಲ್ಲಿ ತೋರಿಸಿಕೊಟ್ಟರು. ಬೇರೆ ಕಾರಣಗಳನ್ನು ಹುಡುಕಲೇಬೇಕು. ಬೀಡಿ, ಸಿಗರೇಟು ಅವುಗಳಲ್ಲಿ ಒಂದು. ಪ್ರತಿ ಸಲ ಸೇದಿದಾಗಲೂ ಸ್ವಲ್ಪ ಹೊತ್ತು ಒತ್ತಡ ಏರುತ್ತದೆ. ಅಂಗಡಿಯಲ್ಲಿ ಕುಳಿತು ಗಂಟೆಗೊಂದು ಬೀಡಿ ಹಚ್ಚುವವರು ಆಸ್ಪತ್ರೆಯ ಬೆಂಚಿನ ಮೇಲೆ ಸೇದುವುದಿಲ್ಲ, ಆದ್ದರಿಂದ ಅಲ್ಲಿ ಬಿ.ಪಿ. ಚೆನ್ನಾಗಿಯೇ ಬರುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆ, ಸಂಜೆಯ ಮದ್ಯ, ಊಟದ ಉಪ್ಪಿನಕಾಯಿ, ಹಪ್ಪಳ, ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ರಾತ್ರಿಯ ಒತ್ತಡ ಇಳಿಯುವುದೇ ಕಷ್ಟ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿನಲ್ಲಿ ಅದು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು.

ನನ್ನ ಬಳಿ ಬರುವ ಒಬ್ಬರು ಬಸ್ ಚಾಲಕರ ವಿಷಯ ಹೇಳುತ್ತೇನೆ. ಪ್ರತಿ ಸಲವೂ ಅವರ ಬಿ.ಪಿ. 130/80ರ ಆಸುಪಾಸಿನಲ್ಲಿಯೇ ಇರುತ್ತಿತ್ತು. ಒಮ್ಮೆ ಬೇರೆ ಕಾರಣಕ್ಕೆ ತೆಗೆಸಿದ ಇ.ಸಿ.ಜಿ.ಯಲ್ಲಿ ಹೃದಯದ ಎಡಭಾಗದ ಗೋಡೆ ದಪ್ಪಗಾಗಿರುವ ಸೂಚನೆ ಕಂಡಿತು. ಬಿ.ಪಿ. ಹತೋಟಿಯಲ್ಲಿದ್ದರೆ ಹೃದಯ ಏಕೆ ದಪ್ಪಗಾಗಬೇಕು? ಒಂದು ವಾರ ಮನೆಯಲ್ಲಿ ಬಿ.ಪಿ. ನೋಡಿ ಬರೆದು ತರಲು ಹೇಳಿದೆ. ಮಗಳು ತನ್ನ ಹಳೆಯ ಶಾಲಾ ಪುಸ್ತಕದ ಖಾಲಿ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಬೆಳಿಗ್ಗೆ ಒಂದು ಸಾಲು, ರಾತ್ರಿ ಒಂದು ಸಾಲು ಎಂದು ಬರೆದುಕೊಟ್ಟಿದ್ದಳು. ರಾತ್ರಿಯ ಸಾಲಿನಲ್ಲಿ 134, 136. ಬೆಳಗಿನ ಸಾಲಿನಲ್ಲಿ 152/96, 148/94, 155/98. ಜೊತೆಗೆ ಬಂದಿದ್ದ ಹೆಂಡತಿ, "ಡಾಕ್ಟರೇ, ಇವರ ಗೊರಕೆಗೆ ಮಕ್ಕಳು ಎದ್ದು ನಡುಮನೆಗೆ ಹೋಗಿ ಮಲಗುತ್ತಾರೆ. ಮಧ್ಯೆ ಉಸಿರೇ ನಿಂತ ಹಾಗಾಗುತ್ತದೆ, ಆಮೇಲೆ ಧಡಕ್ಕನೆ ಏಳುತ್ತಾರೆ" ಎಂದರು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಸ್ಲೀಪ್ ಆಪ್ನಿಯಾ, ರಾತ್ರಿಯ ಒತ್ತಡವನ್ನು ಏರಿಸುವ ದೊಡ್ಡ ಕಾರಣಗಳಲ್ಲಿ ಒಂದು. ಆ ಒಂದು ಹಾಳೆ, ಆಕೆಯ ಒಂದು ಮಾತು, ಎರಡೂ ಸೇರಿ ನಮಗೆ ದಾರಿ ತೋರಿಸಿದವು.

ಹಾಗಾದರೆ ಯಾರು ಅನುಮಾನಿಸಬೇಕು? ಆಸ್ಪತ್ರೆಯಲ್ಲಿ ಮೇಲಿನ ಅಂಕಿ 130ರಿಂದ 139ರ ನಡುವೆ ತೂಗುತ್ತಿರುವವರು ಮೊದಲು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರು, ಇ.ಸಿ.ಜಿ. ಅಥವಾ ಎಕೋ ಎಂಬ ಹೃದಯದ ಸ್ಕ್ಯಾನಿನಲ್ಲಿ ಹೃದಯ ದಪ್ಪಗಾಗಿದೆ ಎನ್ನಿಸಿಕೊಂಡವರು, ಜೋರು ಗೊರಕೆಯವರು, ತಂಬಾಕಿನವರು.

ಅಳೆಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಡವುವುದು ಇಲ್ಲಿಯೇ. ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ ಕುಡಿಯುವ ಮೊದಲು, ಮುಖ್ಯವಾಗಿ ಬಿ.ಪಿ. ಮಾತ್ರೆ ನುಂಗುವ ಮೊದಲು ನೋಡಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಾಲ ಮೇಲೆ ಕಾಲು ಬೇಡ, ಚಕ್ಕಳಮಕ್ಕಳವೂ ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇರಲಿ, ಮೇಜು ತಗ್ಗಾಗಿದ್ದರೆ ದಿಂಬು ಇಡಿ. ಯಂತ್ರದ ಪಟ್ಟಿಯನ್ನು ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಕಟ್ಟಿ. ಸ್ವೆಟರಿನ ಅಥವಾ ರವಿಕೆಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುತ್ತಿದರೆ ಲೆಕ್ಕ ತಪ್ಪುತ್ತದೆ. ಯಂತ್ರ ಓಡುವಾಗ ಮಾತು, ಮೊಬೈಲ್, ಟಿ.ವಿ. ಎಲ್ಲವೂ ಬಂದ್. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ. ರಾತ್ರಿ ಮಲಗುವ ಮೊದಲು ಇದೇ ರೀತಿ ಎರಡು ಸಲ. ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಬೇಕು. ಅದು 135/85 ಅಥವಾ ಹೆಚ್ಚಿದ್ದರೆ, ಆಸ್ಪತ್ರೆಯಲ್ಲಿ ಏನೇ ಬಂದಿರಲಿ, ಡಾಕ್ಟರಿಗೆ ತೋರಿಸಿ. ಹೆಚ್ಚು ಬಂತೆಂದು ಗಾಬರಿಯಾಗಿ ಆ ಅಂಕಿಯನ್ನು ಬಿಟ್ಟು, ಚೆನ್ನಾಗಿ ಬರುವವರೆಗೆ ಗುಂಡಿ ಒತ್ತಬೇಡಿ. ನಮಗೆ ಬೇಕಾದದ್ದು ಆ ಹೆಚ್ಚಿನ ಅಂಕಿಯೇ.

ಮನೆಯ ಯಂತ್ರ ನಿದ್ದೆಯ ಹೊತ್ತನ್ನು ನೋಡಲಾರದು. ಅದಕ್ಕೆ 24 ಗಂಟೆಯ ಯಂತ್ರವಿದೆ, ಹಗಲು ಸುಮಾರು ಇಪ್ಪತ್ತು ನಿಮಿಷಕ್ಕೆ, ರಾತ್ರಿ ಅರ್ಧ ಗಂಟೆಗೆ ಒಮ್ಮೆ ತಾನೇ ಅಳೆಯುತ್ತದೆ. ರಾತ್ರಿಯ ಸರಾಸರಿ 120/70 ಮುಟ್ಟಿದರೆ ಅದು ಹೆಚ್ಚು. ಅನುಮಾನ ಉಳಿದರೆ ಡಾಕ್ಟರು ಇದನ್ನು ಹೇಳಿಯಾರು. ಹೇಳದಿದ್ದರೆ ನೀವೇ ಕೇಳಿ, ಸಂಕೋಚ ಬೇಡ.

ಹೆಚ್ಚು ಬಂತೆಂದು ನೀವೇ ಒಂದು ಮಾತ್ರೆಯನ್ನು ಎರಡು ಮಾಡಬೇಡಿ. ಬೆಳಗಿನ ಮಾತ್ರೆಯನ್ನು ನೀವೇ ರಾತ್ರಿಗೆ ಬದಲಿಸುವುದೂ ಬೇಡ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ನೋಡಿ, ರಾತ್ರಿ ನುಂಗಿದರೂ ಬೆಳಿಗ್ಗೆ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎಂದು 2022ರಲ್ಲಿ ವರದಿ ಮಾಡಿದ್ದಾರೆ. ದಿನವಿಡೀ ನಿಲ್ಲುವ ಔಷಧಿ ಬೇಕೇ, ಇನ್ನೊಂದನ್ನು ಸೇರಿಸಬೇಕೇ, ಗೊರಕೆಗೆ ಚಿಕಿತ್ಸೆ ಬೇಕೇ ಎಂಬುದನ್ನು ನಿಮ್ಮ ಹಾಳೆ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಆದರೆ ಮೇಲಿನ ಅಂಕಿ 180 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಹಾಳೆ ಬರೆಯುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.

ಕೊನೆಯದಾಗಿ ಯಂತ್ರದ ಮಾತು. ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವ ಯಂತ್ರ ನಂಬಿಕೆಗೆ ಅರ್ಹ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ ತೆಗೆದುಕೊಳ್ಳಿ, ಚಿಕ್ಕ ಪಟ್ಟಿ ಬಿ.ಪಿ.ಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಎಲ್ಲರಿಗೂ ಕೊಳ್ಳಲು ಆಗುವುದಿಲ್ಲ, ಅದು ನನಗೆ ಗೊತ್ತು. ನಮಗೆ ಬೇಕಾದದ್ದು ಒಬ್ಬೊಬ್ಬರ ಒಂದು ವಾರದ ಅಂಕಿ ಮಾತ್ರ. ಒಂದು ಯಂತ್ರವನ್ನು ನಾಲ್ಕಾರು ಮನೆಯವರು, ಅಥವಾ ಊರಿನ ಸ್ವಸಹಾಯ ಸಂಘದವರು ಸೇರಿ ಕೊಂಡು, ವಾರಕ್ಕೊಬ್ಬರಂತೆ ಸರದಿಯಲ್ಲಿ ಇಟ್ಟುಕೊಳ್ಳಬಹುದು. ಆಶಾ ಕಾರ್ಯಕರ್ತೆಯೋ ಆರೋಗ್ಯ ಸಿಬ್ಬಂದಿಯೋ ಬಿ.ಪಿ. ನೋಡಲು ಮನೆಗೆ ಬಂದರೆ, "ಬೆಳಿಗ್ಗೆ ಮಾತ್ರೆ ನುಂಗಿ ಆಗಿದೆ" ಅಥವಾ "ಇನ್ನೂ ನುಂಗಿಲ್ಲ" ಎಂದು ಅವರಿಗೆ ಹೇಳಿ, ಅಂಕಿಯ ಪಕ್ಕದಲ್ಲಿಯೇ ಅದನ್ನೂ ಗಂಟೆಯನ್ನೂ ಬರೆಸಿ.

ನಮಸ್ಕಾರ.