ತಲೆ ಎಣಿಸಿ ಹಾಕುವ ರಸ್ತೆ

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ರ ಡಿಸೆಂಬರ್‌ನಲ್ಲಿ. ಬಯಲು ಪ್ರದೇಶವಾದರೆ 500 ಜನರಿರುವ ಊರಿಗೆ ಸರ್ವಋತು ರಸ್ತೆ. ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿದ್ದರೂ ಸಾಕು. ಆದರೆ ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಮೂಡಿಗೆರೆ, ಕಳಸ, ಸಕಲೇಶಪುರದ ಗುಡ್ಡಗಳೂ ಕಾಗದದ ಮೇಲೆ ಬಯಲು! ಕಡೂರು, ಅರಸೀಕೆರೆ ಕಡೆ ಮನೆಗೆ ಮನೆ ತಾಗಿಕೊಂಡಿರುತ್ತದೆ, ತಲೆಲೆಕ್ಕ ಸಲೀಸಾಗಿ ಕೂಡಿಬರುತ್ತದೆ. ಮಲೆನಾಡಿನಲ್ಲಿ ಒಂದು ಮನೆ ದಿಬ್ಬದ ಮೇಲಿದ್ದರೆ ಇನ್ನೊಂದು ಹಳ್ಳದಾಚೆ. ಎಣಿಸುವವರ ಕಣ್ಣಿಗೆ ಅದು ಊರೇ ಅಲ್ಲ.

ಈ ಲೆಕ್ಕದ ದಂಡ ತೆರುವವಳು ಹೆಂಗಸು. ಗಂಡಸಿಗೆ ಬೈಕ್ ಇದೆ, ಕೆಸರಿನಲ್ಲೂ ಹೇಗೋ ನುಗ್ಗಿಸಿಕೊಂಡು ಹೋಗುತ್ತಾನೆ. ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೇ ಬರುತ್ತದೆ, ನಿಜ. ಖಾತೆ ಇರುವುದು ಪೇಟೆಯ ಬ್ಯಾಂಕಿನಲ್ಲಿ. ಡಾಂಬರು ಸಿಗುವವರೆಗೆ ನಡಿಗೆ, ಅಲ್ಲಿಂದ ಬಾಡಿಗೆ ಜೀಪು. ಬಾಡಿಗೆ ಕಳೆದು ಉಳಿದದ್ದು ಯಜಮಾನಿಯದು.

ಜುಲೈ ತಿಂಗಳಲ್ಲಿ ಹಳ್ಳ ತುಂಬಿದಾಗ ನೋಡಬೇಕು. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ, ಅದರ ಮೇಲೆ ಪಾಚಿ. ಸಮವಸ್ತ್ರದ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು, ಬ್ಯಾಗನ್ನು ಎದೆಗವಚಿಕೊಂಡು, ಪಾದ ಓರೆ ಮಾಡಿ ದಾಟುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಪ್ಪ ಅಮ್ಮ ‘ಇನ್ನು ಸಾಕು’ ಎಂದರೆ ಅವರನ್ನು ಹಿಂದುಳಿದವರು ಎಂದು ಬೈಯುವುದು ಬೆಂಗಳೂರಿನಲ್ಲಿ ಕುಳಿತವರಿಗೆ ಬಹಳ ಸುಲಭ.

ಹಾಗೆಂದು ಡಾಂಬರು ಬಿದ್ದ ಮಾತ್ರಕ್ಕೆ ಮಹಿಳಾ ಸಬಲೀಕರಣವಾಯಿತು ಎಂಬ ಭಾಷಣವನ್ನೂ ನಾನು ಒಪ್ಪುವುದಿಲ್ಲ. ಬಸ್ಸಿಲ್ಲದ ರಸ್ತೆ ವಾಹನವಿದ್ದವರ ರಸ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ, ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ಕೊಪ್ಪ, ಶೃಂಗೇರಿ ಭಾಗದಲ್ಲಿ ಜನ ಹಿಂದಿನಿಂದಲೂ ನೆಚ್ಚಿಕೊಂಡಿದ್ದು ಖಾಸಗಿ ಬಸ್ಸುಗಳನ್ನು. ಕಾರ್ಮಿಕರೇ ಕಟ್ಟಿ ಬೆಳೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತೇಹೋಯಿತು. ರಸ್ತೆ ಅಲ್ಲೇ ಇತ್ತು, ಹೋಗುವ ದಾರಿ ಇಲ್ಲವಾಯಿತು.

ಬಸ್ ಕೇಳಿದರೆ ‘ತಿರುಗಿಸಲು ಜಾಗವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗ್ರಾಮ ಸಡಕ್ ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೊನೆಯಲ್ಲಿ ಬಸ್ ತಿರುಗುವಷ್ಟು ಜಾಗ ಬಿಡಬೇಕೆಂದು ಅಂದಾಜುಪಟ್ಟಿ ಬರೆಯುವಾಗ ಯಾರಿಗೂ ಹೊಳೆಯುವುದಿಲ್ಲವೇ? ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಮುಂದಿನ ಸಭೆಯಲ್ಲಿ ಆ ಸದಸ್ಯೆಯರು, ಅವರ ಪರವಾಗಿ ಬಂದು ಕೂರುವ ಗಂಡಂದಿರಲ್ಲ, ರಸ್ತೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡೇ ಎರಡು ವಿಷಯ ಕೇಳಲಿ: ಬಸ್ ಎಲ್ಲಿ ತಿರುಗುತ್ತದೆ, ಸಂಜೆ ಕಾಲೇಜು ಬಿಟ್ಟ ಮೇಲೆ ಎಷ್ಟು ಗಂಟೆಗೆ ಬರುತ್ತದೆ?