ಒದ್ದೆ ನೆಲದ ವಿಳಾಸ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಒಂದು ಹುಳದ ಕಥೆ ಕೇಳೋಕೆ ಬಂದಿದ್ದೀರಿ. ಅದೇ ದೊಡ್ಡದು.

ತೀರ್ಥಹಳ್ಳಿ, ಹೊಸನಗರದ ಕಡೆ ಗದ್ದೆ ಮಾಡಿದವರು ಈ ಹುಳವನ್ನು ನೋಡಿಯೇ ಇರುತ್ತೀರಿ. ಮುಂಗಾರು ಹಿಡಿದ ಮೇಲೆ ಸಂಜೆ ಜಗಲಿಯ ಲೈಟಿಗೆ ಹಾರಿ ಬಂದು ಧೊಪ್ಪನೆ ಬೀಳುತ್ತದಲ್ಲ, ಅದು. ಕಂದು ಬಣ್ಣ, ಮಖಮಲ್ಲಿನಂಥ ಮೈ. ಮುಂಗಾಲು ಮಾತ್ರ ಗುದ್ದಲಿ ಹಾಗೆ ಅಗಲ, ತುದಿಯಲ್ಲಿ ಹಲ್ಲುಗಳು. ಒಮ್ಮೆ ಮುಷ್ಟಿಯಲ್ಲಿ ಹಿಡಿದು ನೋಡಿ. ಎರಡು ಬೆರಳಿನ ಸಂದಿಗೆ ಆ ಕಾಲು ತೂರಿಸಿ, ಜೋಡಿ ಬಾಗಿಲು ತಳ್ಳಿದ ಹಾಗೆ ಬೆರಳನ್ನು ಆಚೀಚೆ ಸರಿಸಿ ಹೊರಗೆ ಬರುತ್ತದೆ. ಊರಿಗೊಂದು ಹೆಸರು ಇದಕ್ಕೆ. ನಾನು ಸುಮ್ನೆ ಬಿಲಜೀರುಂಡೆ ಅಂತೀನಿ.

ನಮ್ಮಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಬದುವಿನಲ್ಲಿ ಬಿಲ ತೋಡಿ ಗದ್ದೆಯ ನೀರು ಸೋರಿಸುತ್ತದೆ, ಸಸಿಮಡಿಯಲ್ಲಿ ಬೇರು ಕಡಿಯುತ್ತದೆ. ಕಂಡಲ್ಲಿ ತುಳಿಯುತ್ತಿದ್ದರು. ಅವರ ಸಿಟ್ಟು ಸುಳ್ಳೇನಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಫ್ರಾನ್ಸಿನ ನಾರ್ಮಂಡಿ ತೀರದ ಆಚೆ ಗರ್ನ್ಸಿ ಅಂತ ಒಂದು ದ್ವೀಪ. ಸುಮಾರು 65 ಚದರ ಕಿಲೋಮೀಟರ್, ಅಷ್ಟೇ. ಯುರೋಪಿನ ಬಿಲಜೀರುಂಡೆ ಬ್ರಿಟನ್ನಿನ ಕಡೆ ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಇದು ಜೌಗು ಹುಲ್ಲುಗಾವಲಿನ ಮಾಮೂಲಿ ಹುಳ. ಆಮೇಲೆ ಕಾಲುವೆ ತೆಗೆದು ಜೌಗು ಬಸಿದರು, ಔಷಧ ಹೊಡೆದರು. ಹುಳ ಅಪರೂಪವಾಯಿತು. ಈಗ ಅಲ್ಲಿ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗರ್ನ್ಸಿಗೆ ಅದು ಅನ್ವಯಿಸುವುದಿಲ್ಲ, ಆ ದ್ವೀಪದ ಕಾನೂನೇ ಬೇರೆ. ನಮ್ಮಪ್ಪ ತುಳಿದದ್ದರ ಬಂಧುವಿಗೆ ಬ್ರಿಟನ್ನಿನಲ್ಲಿ ಕಾಯ್ದೆಯ ಕಾವಲು! ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಹುಳ ನೆಲದೊಳಗೆ ಇರುತ್ತದೆ. ಎಷ್ಟಿದೆ ಅಂತ ಲೆಕ್ಕ ಹಾಕೋದು ಹೇಗೆ? ಕಿವಿಯಿಂದ. ಬೆಚ್ಚಗಿನ ಸಂಜೆ, ಕತ್ತಲಾದ ಮೇಲೆ ಗಂಡು ಹಾಡುತ್ತದೆ. ಒಂದು ರೆಕ್ಕೆಯ ಗರಗಸದಂಥ ನರವನ್ನು ಇನ್ನೊಂದು ರೆಕ್ಕೆಯ ಅಂಚಿಗೆ ಉಜ್ಜಿ ಬರುವ ಉದ್ದನೆಯ ಗುರ್ರ್ ಸದ್ದು. ಸೆಕೆಂಡಿಗೆ ಸುಮಾರು 1600 ಕಂಪನ. ಅಡುಗೆಮನೆ ಮೂಲೆಯಲ್ಲಿ ಕೂಗುವ ಹುಳದಷ್ಟು ಕೀರಲಲ್ಲ, ದಪ್ಪ ದನಿ. ಅಲ್ಲಿಯವರು ಇದನ್ನು ನತ್ತಿಂಗ ಹಕ್ಕಿಯ ಕೂಗು ಅಂತ ತಪ್ಪು ತಿಳಿಯುವುದೂ ಉಂಟು.

ಇದರ ಇನ್ನೊಂದು ಬಂಧು ಫ್ರಾನ್ಸಿನಲ್ಲಿದೆ. ಅದರ ಹಾಡು ಗಾಳಿ ಇಲ್ಲದ ಸಂಜೆ 600 ಮೀಟರ್ ದೂರಕ್ಕೆ ಕೇಳುತ್ತದೆ. ಬೆನೆಟ್-ಕ್ಲಾರ್ಕ್ ಎಂಬ ವಿಜ್ಞಾನಿ ಇವುಗಳ ಬಿಲಗಳನ್ನು ಅಳೆದು 1970ರಲ್ಲಿ ಗುಟ್ಟು ಬಿಡಿಸಿದರು. ಹಾಡುವ ಬಿಲಕ್ಕೆ ಎರಡು ಬಾಯಿ. ವಾಲಗದ ತುದಿ ಹೂವಿನ ಹಾಗೆ ಅರಳಿರುತ್ತದಲ್ಲ, ಒಂದೊಂದು ಬಾಯಿಯೂ ಹಾಗೇ. ಒಳಗೆ ಒಂದು ಉಬ್ಬಿದ ಕೋಣೆ. ಕೋಣೆಯೂ ಕಹಳೆಯೂ ಸೇರುವ ಇಕ್ಕಟ್ಟಿನಲ್ಲಿ, ತಲೆ ಒಳಗೆ, ಬಾಲ ಹೊರಗೆ ಮಾಡಿ ಹುಳ ಕೂರುತ್ತದೆ. ಯಕ್ಷಗಾನದವರು ಮೈಕ್ ಸೆಟ್ ಬಾಡಿಗೆಗೆ ತರುತ್ತಾರೆ, ಇದು ತಾನೇ ತೋಡಿಕೊಳ್ಳುತ್ತದೆ.

ನನಗೆ ಬಹಳ ಹಿಡಿಸಿದ ವಿಷಯ ಇದು. ಅಮೆರಿಕದ ಬಿಲಜೀರುಂಡೆಗಳಲ್ಲಿ ಕಂಡುಕೊಂಡಿದ್ದು. ಒದ್ದೆ ಮಣ್ಣಿನಲ್ಲಿ ಕೂತ ಗಂಡಿನ ಹಾಡು ಜಾಸ್ತಿ ಜೋರು. ಅದರ ಹತ್ತಿರ ಇಳಿಯುವ ಹೆಣ್ಣುಗಳೂ ಜಾಸ್ತಿ. ಹೆಣ್ಣಿಗೆ ಮೊಟ್ಟೆ ಇಡಲು ತೇವ ಬೇಕು ಅಲ್ವಾ? ಅಂದರೆ ಹಾಡು ಬರೀ ಕರೆ ಅಲ್ಲ, ಒದ್ದೆ ನೆಲದ ವಿಳಾಸ. ಯುರೋಪಿನ ಹುಳದ ತಾಯಿ ನೆಲದೊಳಗಿನ ಗೂಡಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು ಕಾಯುತ್ತದೆ. ಮರಿ ದೊಡ್ಡದಾಗಲು ಚಳಿ ದೇಶಗಳಲ್ಲಿ ಎರಡು ವರ್ಷವೇ ಬೇಕು. ಅಷ್ಟು ದಿನವೂ ಆ ತುಂಡು ನೆಲ ಒಣಗಬಾರದು.

ಹಾಗಾಗಿ ಈ ಹುಳ ಉಳಿಸೋಕೆ ಬೇಲಿ, ಬೋರ್ಡು ಹಾಕಿದರೆ ಸಾಲದು. ನೀರು ನಿಲ್ಲಬೇಕು. ನಮ್ಮಲ್ಲಿ ಏನಾಗಿದೆ ನೋಡಿ. ಅಡಿಕೆಗೆ ರೇಟು ಬಂತು, ಗದ್ದೆಗಳು ತೋಟವಾದವು. ತೋಟಕ್ಕೆ ನೀರು ನಿಂತರೆ ಆಗದು, ಸಾಲಿಗೊಂದು ಬಸಿಗಾಲುವೆ. ನಾವೂ ಕೆಳಗಿನ ಎರಡು ಗದ್ದೆಗೆ ಸಸಿ ಹಾಕಿದೆವು, ನಾನೇನು ಸಾಚಾ ಅಲ್ಲ. ಎರಡನೇ ಮಳೆಗಾಲಕ್ಕೆ ಆ ಕಡೆಯಿಂದ ಗುರ್ರ್ ಸದ್ದು ಕೇಳಲಿಲ್ಲ. ಮೇಲಿನ ಗದ್ದೆಯಲ್ಲಿ ಮಾತ್ರ ಇತ್ತು. ಎರಡೇ ವರ್ಷದ ನನ್ನ ಕಿವಿಯ ಲೆಕ್ಕ ಇದು, ಸಂಶೋಧನೆ ಅನ್ನಬೇಡಿ. ಅಪ್ಪ ಬೈಯುತ್ತಿದ್ದ ಹುಳ ಇಲ್ಲ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ.

ನಮ್ಮಲ್ಲಿ ಇದಿನ್ನೂ ಅಪರೂಪ ಅಲ್ಲ. ಎಣಿಸೋಕೆ ಒಳ್ಳೆಯ ಕಾಲ ಅದೇ. ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ, ತಾರೀಖು, ಹೊತ್ತು, ಗದ್ದೆಯೋ ತೋಟವೋ ಅಂತ ಬರೆದಿಟ್ಟರೆ ಸಾಕು.

ಮಳೆ ಹೊಳವಾದ ಹಾಗಿದೆ. ಕಾಫಿ ಕುಡಿದು ಹಿಂದಿನ ಗದ್ದೆಗೆ ಹೋಗೋಣ. ಹೆಜ್ಜೆ ಸದ್ದಿಗೆ ಹುಳ ಹಾಡು ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಆರಿಸಿ, ಐದು ನಿಮಿಷ ಅಲುಗಾಡದೆ ನಿಲ್ಲಬೇಕು. ಉಂಬಳ ಹತ್ತಿದರೆ ಆಮೇಲೆ ಕಿತ್ತರಾಯಿತು.